ಮನೆಗಿಂತ ಮೊದಲು ಹಿತ್ತಲು

ನಮ್ಮ ಮನೆಯ ಗೃಹಪ್ರವೇಶದ ದಿನ ಬಂದವರೆಲ್ಲ ಹೊಗಳಿದ್ದೇ ಹೊಗಳಿದ್ದು. ಮೊಸಾಯಿಕ್ ನೆಲ, ಅಡಿಗೆಕಟ್ಟೆಗೆ ಕಪ್ಪು ಕಡಪ ಕಲ್ಲು, ನಡುಮನೆಯಲ್ಲಿ ಗಾಜಿನ ಬಾಗಿಲಿನ ಷೋಕೇಸು. 1986ರಲ್ಲಿ ಹಾಸನದಂಥ ಊರಿನಲ್ಲಿ ಇಷ್ಟಿದ್ದರೆ ನಮ್ಮ ಪಾಲಿಗೆ ಅದು ಅರಮನೆಯೇ. ನಮ್ಮತ್ತೆಯೊಬ್ಬರು ಮಾತ್ರ ಏನೂ ಹೇಳಲಿಲ್ಲ. ಹಾಲು ಉಕ್ಕಿಸಿದ್ದಾದ ಮೇಲೆ ನಿಧಾನವಾಗಿ ನಡೆದು ಹೋಗಿ ಹಿಂಬಾಗಿಲು ತೆರೆದರು. ಮೂರಡಿ ಅಗಲದ ಓಣಿ, ಉದ್ದಕ್ಕೂ ಬಳಿದ ಗಾರೆ, ಮೂಲೆಯಲ್ಲಿ ಸೆಪ್ಟಿಕ್ ಟ್ಯಾಂಕಿನ ಮುಚ್ಚಳ, ಅದರಾಚೆ ಕಾಂಪೌಂಡಿನ ಗೋಡೆ.

“ಹಿತ್ತಲೆಲ್ಲಮ್ಮ?” ಎಂದರು.

“ಇದೇ ಅತ್ತೆ” ಎಂದೆ.

ಅವರು ಬಾಗಿಲನ್ನು ಹಾಗೇ ಮುಂದಕ್ಕೆಳೆದುಕೊಂಡು ಒಳಗೆ ಬಂದು ಊಟಕ್ಕೆ ಕುಳಿತವರಿಗೆ ಪಲ್ಯ ಬಡಿಸತೊಡಗಿದರು. ಆ ದಿನದ ಗಡಿಬಿಡಿಯಲ್ಲಿ ನಾನು ಅದನ್ನು ಅಷ್ಟಾಗಿ ಗಮನಿಸಲಿಲ್ಲ. ಈಗ ಗೃಹಪ್ರವೇಶವೆಂದರೆ ನನಗೆ ಮೊದಲು ನೆನಪಾಗುವುದು ಆ ಒಂದು ಪ್ರಶ್ನೆಯೇ.

ನೀವೂ ಮನೆ ಕಟ್ಟಿಸಿದವರಾದರೆ ಪ್ಲಾನು ಹಾಕಿಸುವ ಸಂಭ್ರಮ ಎಂಥದೆಂದು ನಾನು ಹೇಳಬೇಕಿಲ್ಲ. ನಮ್ಮದು ಮೂವತ್ತು–ನಲವತ್ತರ ಸೈಟು. ದೇವರಮನೆ ಎಲ್ಲಿ, ಕಿಟಕಿ ಯಾವ ಕಡೆ, ಅಟ್ಟದ ಅಗಲ ಎಷ್ಟು ಎಂದು ನಾವಿಬ್ಬರೂ ಆರು ತಿಂಗಳು ಊಟದ ತಟ್ಟೆಯ ಮುಂದೆಯೂ ಚರ್ಚೆ ಮಾಡಿದೆವು. ಮನೆಯ ಹೊರಗಿನ ನೆಲದ ಬಗ್ಗೆ ಒಂದು ದಿನವೂ ಮಾತಾಡಲಿಲ್ಲ. ನೀಲನಕ್ಷೆಯಲ್ಲಿ ಅದು ಗೋಡೆಗಳಿಂದಾಚೆಗಿನ ಖಾಲಿ ಕಾಗದ, ಅಷ್ಟೆ. ಒಂದು ಸಂಜೆ ನಾವು ಆ ನಕ್ಷೆಯ ಮೇಲೆ ಬಗ್ಗಿದ್ದಾಗ ಅತ್ತೆ ಬಂದು, “ನಾನು ಕೂತ್ಕೊಳೋ ಜಾಗ ಎಲ್ಲಿ ಬರುತ್ತೆ?” ಎಂದು ಕೇಳಿದರು. ನಾನು ಅವರ ಕೋಣೆಯ ಮೇಲೆ ಬೆರಳಿಟ್ಟು ತೋರಿಸಿದೆ. “ಒಳಗಲ್ಲಮ್ಮ, ಹೊರಗೆ” ಎಂದರು. ನಮ್ಮನೆಯವರು ತಲೆಯೆತ್ತದೆ, “ಗಿಡಗಿಡ ಎಲ್ಲಾ ಆಮೇಲೆ ನೋಡ್ಕೊಳೋಣಮ್ಮ, ಮೊದಲು ಮನೆ ಏಳ್ಲಿ” ಎಂದರು.

ಆ “ಆಮೇಲೆ” ಬರಲೇ ಇಲ್ಲ. ಮುಂದಿನ ನಾಲ್ಕಡಿಯಲ್ಲಿ ಸಂಪು ಬಂತು. ಪಕ್ಕದಲ್ಲಿ ಸ್ಕೂಟರ್ ನಿಲ್ಲಿಸಲು ಕಲ್ಲುಚಪ್ಪಡಿ ಹಾಸಿದರು. ಉಳಿದದ್ದು ಗೇಟಿನ ಬಳಿ ಎರಡಡಿ ಅಗಲದ ಒಂದು ಪಟ್ಟಿ ಮಣ್ಣು. ಗುಲಾಬಿ ಹಾಕಿದೆ, ಸತ್ತಿತು. ದಾಸವಾಳ ಹಾಕಿದೆ, ಹಳದಿ ತಿರುಗಿ ನಿಂತಿತು. ಅಗೆದು ನೋಡಿದರೆ ಅರ್ಧ ಅಡಿಯ ಕೆಳಗೆ ಜಲ್ಲಿ, ಸುಣ್ಣದ ಗಡ್ಡೆ, ಹರಿದ ಸಿಮೆಂಟಿನ ಚೀಲ! ಗಾರೆ ಕಲೆಸಲು ಮೇಸ್ತ್ರಿ ಆರಿಸಿಕೊಂಡದ್ದು ಅದೇ ಜಾಗವನ್ನು. ಅದರ ಮೇಲೆ ಪಾಯ ತೋಡಿದ ಗಟ್ಟಿ ಮಣ್ಣನ್ನು ಹರಡಿ ನಮಗೆ “ಗಾರ್ಡನ್” ಎಂದು ಒಪ್ಪಿಸಿದ್ದರು. ಮೊದಲು ಆ ಸೈಟಿನಲ್ಲಿದ್ದ ಮೇಲ್ಮಣ್ಣು, ರಾಗಿ ಬೆಳೆದ ಹೊಲದ ಮಣ್ಣು, ಯಾವ ಲಾರಿಯಲ್ಲಿ ಯಾರ ಹಳ್ಳ ತುಂಬಲು ಹೋಯಿತೋ.

ನಮ್ಮತ್ತೆ ಅರಕಲಗೂಡಿನ ಕಡೆಯ ಹಳ್ಳಿಯವರು. ಅವರು ಮದುವೆಯಾಗಿ ಬಂದ ಮೇಲೆಯೇ ಆ ಹಳ್ಳಿಯ ಮನೆಯನ್ನು ಕಟ್ಟಿದ್ದಂತೆ. ಮೊದಲು ಕಟ್ಟಿದ್ದು ಗೋಡೆಯನ್ನಲ್ಲ, ಬಾವಿಯನ್ನು ಎಂದು ಅವರು ಹೇಳುತ್ತಿದ್ದರು. ಮಣ್ಣು ತುಳಿಯಲು ನೀರು ಬೇಕಲ್ಲ! ಹೇಗೂ ನೀರು ಸೇದುತ್ತಾರೆಂದು ಬಾವಿಯ ಸುತ್ತ ಬಾಳೆ, ಕೆಸು, ಒಂದು ಮಲ್ಲಿಗೆ ಬಳ್ಳಿ. ಹೆಂಚು ಹೊದಿಸುವ ಹೊತ್ತಿಗೆ ಬಾಳೆ ಗೊನೆ ಹಾಕಿತ್ತಂತೆ. ಗೃಹಪ್ರವೇಶದ ಎಲೆಯೂ ಹಣ್ಣೂ ಹಿತ್ತಲಿನದೇ. ಬಚ್ಚಲ ನೀರು ಎತ್ತ ಹರಿಯುತ್ತದೆಂದು ನೋಡಿಕೊಂಡೇ ಬಚ್ಚಲನ್ನು ಕಟ್ಟಿದ್ದು. ಕೊಂಬೆ ಮುರಿಯುವ ನುಗ್ಗೆ ಮನೆಯಿಂದ ದೂರ, ಅಡಿಗೆಯ ನಡುವೆ ಓಡಿಹೋಗಿ ಕೀಳುವ ಕರಿಬೇವು ಬಾಗಿಲ ಹತ್ತಿರ.

ಅಂಥ ಹಿತ್ತಲಿನಲ್ಲಿ ಬದುಕಿದವರು ನಮ್ಮ ಗಾರೆಯ ಓಣಿಯಲ್ಲಿ ಎಂಟು ವರ್ಷ ಕಳೆದರು. ಹಿಂಬಾಗಿಲ ಹೊಸಿಲಿನ ಮೇಲೆ ಕೂರುತ್ತಿದ್ದರು. ಒಡೆದ ಬಕೆಟ್ಟಿನಲ್ಲಿ ದಂಟಿನ ಸೊಪ್ಪು, ಡಾಲ್ಡಾ ಡಬ್ಬದಲ್ಲಿ ಕೊತ್ತಂಬರಿ ಬೆಳೆಸಿದರು. ಅಕ್ಕಿ ತೊಳೆದ ನೀರನ್ನು ಸಿಂಕಿಗೆ ಸುರಿಯಲು ಕೊನೆಯವರೆಗೂ ಅವರ ಕೈ ಒಪ್ಪಲಿಲ್ಲ. ಪಾತ್ರೆ ಹಿಡಿದು ಹಿಂಬಾಗಿಲಿಗೆ ಬಂದು, ಗಿಡದ ಬುಡಕ್ಕೆ ಹಾಕುವವರ ಹಾಗೆ ಬಗ್ಗಿ ಗಾರೆಯ ಮೇಲೆ ಸುರಿಯುತ್ತಿದ್ದರು. ಪಾಚಿ ಕಟ್ಟಿ ಜಾರುತ್ತದೆ ಎಂದು ನಾನು ಅದಕ್ಕೂ ರೇಗಿದ್ದೇನೆ. 1994ರಲ್ಲಿ ಅವರು ತೀರಿಕೊಂಡರು.

ಕೆಲವು ವರ್ಷಗಳ ಹಿಂದೆ ನನ್ನ ಮಂಡಿಯ ಆಪರೇಷನ್ ಆಗಿ ಎರಡು ತಿಂಗಳು ಮಂಚ ಹಿಡಿದಿದ್ದಾಗ ಮಗಳು ಒಂದು ಇಂಗ್ಲಿಷ್ ಪುಸ್ತಕ ತಂದುಕೊಟ್ಟಳು. ಗರ್ಟ್ರೂಡ್ ಜೀಕಲ್ ಎಂಬ ಹೆಂಗಸು ತನ್ನ ಮನೆ ಮತ್ತು ತೋಟದ ಬಗ್ಗೆ ಬರೆದು 1900ರಲ್ಲಿ ಪ್ರಕಟಿಸಿದ ಪುಸ್ತಕ. ಎಲ್ಲಿಯ ಇಂಗ್ಲೆಂಡ್, ಎಲ್ಲಿಯ ಹಾಸನ ಎಂದು ಉದಾಸೀನದಿಂದಲೇ ತೆರೆದೆ. ಆದರೆ ಆಕೆಯ ಚರಿತ್ರೆ ತಿಳಿಯುತ್ತ ಹೋದಂತೆ ನನಗೆ ಪದೇ ಪದೇ ನಮ್ಮತ್ತೆ ನೆನಪಾದರು. ಆಕೆ ಮನೆ ಕಟ್ಟುವುದಕ್ಕೆ ಹದಿಮೂರು ವರ್ಷ ಮೊದಲೇ ತೋಟ ಮಾಡತೊಡಗಿದವಳು.

ಜೀಕಲ್ ಹುಟ್ಟಿದ್ದು 1843ರಲ್ಲಿ. ಹೆಣ್ಣುಮಕ್ಕಳು ಓದಿಗೆಂದು ಮನೆಯಿಂದ ಹೊರಗೆ ಹೋಗುವುದು ಅಪರೂಪವಾಗಿದ್ದ ಕಾಲದಲ್ಲಿ, 1861ರಲ್ಲಿ, ಲಂಡನ್ನಿನ ಕಲಾಶಾಲೆಗೆ ಸೇರಿದಳು. ಚಿತ್ರ, ಕಸೂತಿ, ಮರದ ಕೆತ್ತನೆ, ಬೆಳ್ಳಿಯ ಕೆಲಸ ಎಲ್ಲದರಲ್ಲೂ ಕೈ ಪಳಗಿತ್ತು. ಮದುವೆಯಾಗಲಿಲ್ಲ. ಮೊದಲಿನಿಂದಲೂ ಆಕೆಗೆ ಸಮೀಪದೃಷ್ಟಿಯ ತೊಂದರೆ. ಅದು ಬಲಿಯುತ್ತ ಬಂದು 1891ರಲ್ಲಿ ಜರ್ಮನಿಯ ಕಣ್ಣಿನ ವೈದ್ಯರೊಬ್ಬರು ಚಿತ್ರ ಬರೆಯುವುದು, ಕಸೂತಿ ಹಾಕುವುದು ಇನ್ನು ಸಾಕು ಎಂದರು. ಆಗ ಆಕೆಗೆ ನಲವತ್ತೇಳು ವರ್ಷ. ದಾರ, ಕುಂಚಗಳಿಂದ ಮಾಡುತ್ತಿದ್ದ ಬಣ್ಣದ ಕೆಲಸವನ್ನು ಆಕೆ ಆ ಹೊತ್ತಿಗಾಗಲೇ ಕೈಹಚ್ಚಿದ್ದ ತೋಟಕ್ಕೆ ಪೂರ್ತಿಯಾಗಿ ತಂದಳು.

ತಾಯಿಯ ಜೊತೆ ಆಕೆ ಸರ್ರೆ ಪ್ರಾಂತದ ಗಾಡಲ್ಮಿಂಗ್ ಎಂಬ ಊರಿನ ಬಳಿ ವಾಸವಾಗಿದ್ದಳು. ತಾಯಿಯ ಮನೆಯೆದುರು, ರಸ್ತೆಯ ಆಚೆ ಬದಿಗೆ, 1883ರ ಹೊತ್ತಿಗೆ ಸುಮಾರು ಹದಿನೈದು ಎಕರೆ ಜಮೀನು ಅವಳ ಕೈಗೆ ಬಂತು. ಆ ಜಾಗದ ಹೆಸರು ಮನ್‌ಸ್ಟೆಡ್ ವುಡ್. ನಮ್ಮ ಮೂವತ್ತು–ನಲವತ್ತರ ಸೈಟುಗಳು ಅದರಲ್ಲಿ ಐನೂರಕ್ಕೂ ಹೆಚ್ಚು ಹಿಡಿಯುತ್ತವೆ ಎಂದು ಮಂಚದ ಮೇಲೆಯೇ ಲೆಕ್ಕ ಹಾಕಿ ನಕ್ಕೆ. ಆದರೆ ನೆಲ ಏನೂ ಒಳ್ಳೆಯದಲ್ಲ. ತೆಳುವಾದ ಮರಳುಮಣ್ಣು, ಅಲ್ಲಿದ್ದ ಪೈನ್ ಮರಗಳನ್ನು ಆಗಷ್ಟೇ ಕಡಿದು ಮಾರಿದ್ದರು. ನಾವಾಗಿದ್ದರೆ ಬೋಳು ನೆಲ ಕಂಡೊಡನೆ ಯಾವುದಾದರೂ ಸಸಿ ತಂದು ನೆಡುತ್ತಿದ್ದೆವು. ಆಕೆ ಸುಮ್ಮನೆ ಕಾದಳು. ಬಿದ್ದ ಬೀಜಗಳಿಂದ ತಾವಾಗಿಯೇ ಪೈನ್, ಬರ್ಚ್, ಓಕ್, ಹಾಲಿ ಮೇಲೆದ್ದವು. ಯಾವ ಜಾಗದಲ್ಲಿ ಯಾವ ಮರ ಚೆನ್ನಾಗಿ ಬರುತ್ತಿದೆ ಎಂದು ವರ್ಷಗಟ್ಟಲೆ ನೋಡಿ, ಅಲ್ಲಿ ಅದನ್ನು ಉಳಿಸಿಕೊಂಡು ಉಳಿದದ್ದನ್ನು ಕಿತ್ತಳು. ಒಂದು ಕಡೆ ಬರ್ಚ್ ಮರಗಳ ಗುಂಪು, ಮತ್ತೊಂದು ಕಡೆ ಓಕ್. ಅವುಗಳ ನಡುವೆ ಕಾಲುದಾರಿಗಳು ಮೂಡಿದವು. ಹೇಜಲ್ ಎಂಬ ಕಾಯಿಮರಗಳ ಸಾಲಿನ ಒಂದು ನಡೆದಾರಿಯನ್ನೂ ಮಾಡಿಸಿದಳು. ಮನೆಯ ಪಾಯ ತೋಡುವ ಹೊತ್ತಿಗೆ ಆ ಸಾಲಿಗೆ ಸುಮಾರು ಹತ್ತು ವರ್ಷ.

ಕಾಯಲು ಕಾರಣವೂ ಇತ್ತು. ತಾಯಿ ಇರುವಷ್ಟು ದಿನ ಆಕೆಗೆ ಬೇರೆ ಮನೆ ಬೇಕಿರಲಿಲ್ಲ. 1895ರಲ್ಲಿ ತಾಯಿ ತೀರಿಕೊಂಡರು, ಆ ಮನೆಗೆ ತಮ್ಮನ ಸಂಸಾರ ಬಂತು. ತಮ್ಮನ ಮನೆಯಲ್ಲಿ ಮದುವೆಯಾಗದ ಅಕ್ಕನಾಗಿ ಉಳಿಯುವುದೆಂದರೇನೆಂದು ನಮ್ಮ ಓದುಗರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಆಕೆ ತನ್ನದೇ ಮನೆ ಕಟ್ಟಲು ಹೊರಟಳು. ಆಗ ಆಕೆಗೆ ಐವತ್ತು ದಾಟಿತ್ತು.

ಮನೆಯ ನಕ್ಷೆ ಬರೆದವನು ಎಡ್ವಿನ್ ಲುಟ್ಯೆನ್ಸ್. ಹೆಸರು ನಿಮಗೆ ಗೊತ್ತಿರುತ್ತದೆ, ಮುಂದೆ ನಮ್ಮ ಹೊಸದಿಲ್ಲಿಯನ್ನು ರೂಪಿಸಿದ ಶಿಲ್ಪಿಗಳಲ್ಲಿ ಒಬ್ಬ. ಇಬ್ಬರೂ ಮೊದಲು ಭೇಟಿಯಾದದ್ದು 1889ರಲ್ಲಿ, ನೆರೆಯವರೊಬ್ಬರ ಮನೆಯ ಚಹಾಕೂಟದಲ್ಲಿ. ಅವನಿಗೆ ಆಗ ಇಪ್ಪತ್ತು, ಆಕೆಗೆ ನಲವತ್ತೈದು. ನಂತರದ ವರ್ಷಗಳಲ್ಲಿ ಇಬ್ಬರೂ ಸಣ್ಣ ಕುದುರೆಗಾಡಿಯಲ್ಲಿ ಸುತ್ತಮುತ್ತಲ ಹಳ್ಳಿಗಳಿಗೆ ಹೋಗಿ ರೈತರ ಹಳೆಯ ಮನೆಗಳನ್ನು ನೋಡುತ್ತಿದ್ದರು. ಕಲ್ಲು ಹೇಗೆ ಕೂರಿಸಿದ್ದಾರೆ, ಸೂರು ಎಷ್ಟು ಇಳಿದಿದೆ, ಬಾಗಿಲಿನಿಂದ ಬಾವಿಗೆ ಎಷ್ಟು ಹೆಜ್ಜೆ. ಹುಡುಗನಿಗೆ ಅದೇ ಪಾಠಶಾಲೆಯಾಯಿತು.

ಆ ಹೊತ್ತಿಗೆ ಇಂಗ್ಲೆಂಡಿನಲ್ಲಿ ಒಂದು ಜಗಳವೂ ನಡೆದಿತ್ತು. ಮನೆಯ ಸುತ್ತಲಿನ ನೆಲ ಯಾರಿಗೆ ಸೇರಿದ್ದು? ಮನೆ ಕಟ್ಟುವವನೇ ತೋಟವನ್ನೂ ಗೆರೆ ಎಳೆದು ಯೋಜಿಸಬೇಕು ಎಂದು 1892ರಲ್ಲಿ ರೆಜಿನಾಲ್ಡ್ ಬ್ಲಾಮ್‌ಫೀಲ್ಡ್ ಎಂಬ ವಾಸ್ತುಶಿಲ್ಪಿ ಪುಸ್ತಕವನ್ನೇ ಬರೆದ. ಗಿಡದ ಸ್ವಭಾವ ತಿಳಿಯದವನಿಗೆ ತೋಟದ ಗೊಡವೆ ಏಕೆ ಎಂದು ವಿಲಿಯಂ ರಾಬಿನ್ಸನ್ ಎಂಬ ತೋಟಗಾರ ಅದಕ್ಕೆ ಎದುರಾಗಿ ಬರೆದ. ಗಂಡಸರಿಬ್ಬರೂ ಹೀಗೆ ಕಾದಾಡುತ್ತಿದ್ದಾಗ ಜೀಕಲ್ ಮತ್ತು ಲುಟ್ಯೆನ್ಸ್ ಸದ್ದಿಲ್ಲದೆ ಒಂದು ಮೇಜಿನ ಎರಡು ಬದಿಗೆ ಕುಳಿತರು. ಅವನು ಗೋಡೆ, ಮೆಟ್ಟಿಲು, ದಾರಿಯ ಗೆರೆ ಎಳೆದ. ಆಕೆ ಅದರ ಮಗ್ಗುಲಲ್ಲಿ ಏನು ಬೆಳೆಯಬೇಕೆಂದು ಹೇಳಿದಳು. ಒಪ್ಪದಿದ್ದಲ್ಲಿ ವಾದಿಸಿದರು. ಮುಂದೆ ಇಬ್ಬರೂ ಕೂಡಿ ಎಷ್ಟೋ ಮನೆಗಳಿಗೆ ಹೀಗೆಯೇ ಕೆಲಸ ಮಾಡಿದರು.

ಮನೆ ಎದ್ದದ್ದು 1896–97ರಲ್ಲಿ. ಅದೇ ಸೀಮೆಯ ಕಲ್ಲು, ಅದೇ ಸೀಮೆಯ ಓಕ್ ಮರ. ಮನೆ ಎಲ್ಲಿ ಕೂರಬೇಕೆಂಬುದನ್ನು ತೋಟವೇ ಹೇಳಿತ್ತು. ಉತ್ತರದ ಅಂಗಳದಿಂದ ಹೊರಟರೆ ಹೇಜಲ್ ಸಾಲು, ದಕ್ಷಿಣದ ಕಡೆಯಿಂದ ಕಾಡಿನೊಳಗಿನ ಹಸಿರು ದಾರಿ. ಬಂಡಿ ಬಾಗಿಲವರೆಗೆ ಬರುವ ರಸ್ತೆಯನ್ನು ಮಾತ್ರ ಆಕೆ ಮಾಡಿಸಲಿಲ್ಲ. ಬಂದವರು ಬೀದಿಯಲ್ಲಿ ಇಳಿದು ಕಾಲುದಾರಿಯಲ್ಲಿ ನಡೆದು ಬರಬೇಕು. 1897ರ ಅಕ್ಟೋಬರಿನಲ್ಲಿ ಒಕ್ಕಲು ಬಂದಳು. ಹೊಸ ಮನೆಯ ಸುತ್ತ ಸಾಮಾನ್ಯವಾಗಿ ಕಾಣುವ ಬೋಳು ಅಲ್ಲಿ ಇರಲಿಲ್ಲ. ಮರಗಳು ಮೊದಲೇ ಇದ್ದವು, ಮನೆ ಅವುಗಳ ನಡುವೆ ಬಂದು ಕುಳಿತಿತು.

ಆಮೇಲೆ ಆಕೆಯ ತೋಟ ಲೋಕಪ್ರಸಿದ್ಧವಾಯಿತು. ಇನ್ನೂರು ಅಡಿ ಉದ್ದ, ಹದಿನಾಲ್ಕು ಅಡಿ ಅಗಲದ ಒಂದು ಹೂಪಾತಿ. ತುದಿಗಳಲ್ಲಿ ಬೂದು, ನೀಲಿಯ ತಣ್ಣನೆ ಬಣ್ಣಗಳು, ನಡುವಿಗೆ ಬಂದಂತೆ ಹಳದಿ, ಕೇಸರಿ, ಕೆಂಪು. ಒಳ್ಳೆಯ ಸೀರೆಯ ಸೆರಗಿನಲ್ಲಿ ಬಣ್ಣ ಬಣ್ಣಕ್ಕೆ ತಿರುಗುತ್ತದಲ್ಲ, ಹಾಗೆ. ಕಸೂತಿ ಬಿಟ್ಟವಳ ಕೈ ಅದನ್ನು ಮರೆತಿರಲಿಲ್ಲ. ವಸಂತಕ್ಕೊಂದು ತೋಟ, ಜೂನ್ ತಿಂಗಳಿಗೊಂದು, ಚಳಿಗೆ ಮುಂಚಿನ ದಿನಗಳಿಗೊಂದು ಎಂದು ಋತುವಿಗೆ ತಕ್ಕಂತೆ ಬೇರೆ ಬೇರೆ ಜಾಗ ಇಟ್ಟಿದ್ದಳು. ಸುಮಾರು ನಾನೂರು ತೋಟಗಳಿಗೆ ಆಕೆಯ ಕೈ ತಗುಲಿತು. ವಯಸ್ಸಾಗಿ ಓಡಾಡಲಾರದ ಕಾಲಕ್ಕೆ ಅಂಚೆಯಲ್ಲೇ ಕೆಲಸ. ಅಮೆರಿಕದಿಂದಲೂ ನಕ್ಷೆಗಳು ಬರುತ್ತಿದ್ದವು. ನೋಡದ ತೋಟಕ್ಕೆ ಗಿಡ ಸೂಚಿಸುವ ಮುಂಚೆ ಆಕೆ ಅಲ್ಲಿಯ ಮಣ್ಣಿನ ಮಾದರಿಯನ್ನು ಡಬ್ಬಿಯಲ್ಲಿ ತುಂಬಿ ಕಳಿಸಲು ಹೇಳುತ್ತಿದ್ದಳು. ಇದನ್ನು ಓದಿದಾಗ ನನ್ನ ಗೇಟಿನ ಬಳಿಯ ಸಿಮೆಂಟ್ ಚೀಲ ನೆನಪಾಗಿ ನಾಚಿಕೆಯಾಯಿತು. 1932ರಲ್ಲಿ ಆಕೆ ತೀರಿಕೊಂಡಳು. 2023ರಲ್ಲಿ ಮನ್‌ಸ್ಟೆಡ್ ವುಡ್ ಇಂಗ್ಲೆಂಡಿನ ನ್ಯಾಷನಲ್ ಟ್ರಸ್ಟಿನ ಸುಪರ್ದಿಗೆ ಬಂದಿದೆ.

ಆ ಕುದುರೆಗಾಡಿಯ ಹುಡುಗ 1912ರಲ್ಲಿ ದಿಲ್ಲಿಗೆ ಬಂದ. 1931ರ ಫೆಬ್ರವರಿಯಲ್ಲಿ ಹೊಸ ರಾಜಧಾನಿ ಉದ್ಘಾಟನೆಯಾಗುವ ಮುಂಚೆಯೇ ರಸ್ತೆಗಳ ಇಕ್ಕೆಲದಲ್ಲಿ ನೇರಳೆ, ಬೇವು, ಹುಣಿಸೆ, ಬಿಳಿಮತ್ತಿ ಬೆಳೆಯುತ್ತಿದ್ದವು. ಯಾವ ಬೀದಿಗೆ ಯಾವ ಮರ ಎಂಬುದು ನಗರದ ಯೋಜನೆಯಲ್ಲೇ ಸೇರಿತ್ತು. ರಾಷ್ಟ್ರಪತಿ ಭವನದ ತೋಟವನ್ನೂ ಲುಟ್ಯೆನ್ಸನೇ ಯೋಜಿಸಿದ, ನೆಟ್ಟು ಬೆಳೆಸಿದ್ದು ವಿಲಿಯಂ ಮುಸ್ಟೋ ಎಂಬ ತೋಟಗಾರಿಕೆಯ ಅಧಿಕಾರಿ. ಅದಕ್ಕೆ 2023ರಿಂದ ಅಮೃತ ಉದ್ಯಾನ ಎಂಬ ಹೆಸರು.

ನಮ್ಮ ಬೆಂಗಳೂರಿಗೂ ಅಂಥ ಕಣ್ಣಿನವನೊಬ್ಬ ಬಂದಿದ್ದ. ಜರ್ಮನಿಯ ಕ್ರುಂಬಿಗಲ್ ಇಂಗ್ಲೆಂಡಿನ ಕ್ಯೂ ತೋಟದಲ್ಲಿ ಕೆಲಸ ಮಾಡಿ, 1893ರಲ್ಲಿ ಬರೋಡಕ್ಕೆ ಬಂದು, 1908ರಲ್ಲಿ ಮೈಸೂರು ಸಂಸ್ಥಾನದ ಸೇವೆಗೆ ಸೇರಿ ಲಾಲ್‌ಬಾಗಿನ ಹೊಣೆ ಹೊತ್ತ. ಜೀಕಲ್ ತೋಟದ ಬಣ್ಣಗಳ ಬಗ್ಗೆ ಬರೆದ ಪುಸ್ತಕ ಹೊರಬಂದದ್ದೂ ಅದೇ ವರ್ಷ. ಒಂದು ಮರ ಹೂವು ಮುಗಿಸುವ ಹೊತ್ತಿಗೆ ಇನ್ನೊಂದು ಅರಳುವಂತೆ ಬೀದಿಗಳಿಗೆ ಮರಗಳನ್ನು ಆರಿಸಿದ್ದು ಅವನ ಹೆಸರಿನೊಂದಿಗೆ ಉಳಿದಿದೆ. ಅವನು 1956ರಲ್ಲಿ ಬೆಂಗಳೂರಿನಲ್ಲೇ ತೀರಿಕೊಂಡ. ನೆಟ್ಟ ದಿನ ಆ ಮರಗಳು ಮೊಣಕಾಲೆತ್ತರ ಇದ್ದಿರಬೇಕು. ನೆರಳನ್ನು ಅನುಭವಿಸಿದವರು ನಾವು.

ಜೀಕಲಳಿಗೆ ಹಣವಿತ್ತು, ಕೂಲಿಯ ತೋಟಗಾರರಿದ್ದರು, ಕಾಯಲು ವರ್ಷಗಳಿದ್ದವು. ನಮಗೆ ಬ್ಯಾಂಕಿನ ಸಾಲದ ಕಂತು, ಬಾಡಿಗೆ ಮನೆಯ ಒಡೆಯರ ಕಿರಿಕಿರಿ. ಇದು ನನಗೂ ಗೊತ್ತು. ಆದರೆ ಪುಸ್ತಕ ಮುಚ್ಚಿಟ್ಟಾಗ ನನಗೆ ಅನಿಸಿದ್ದು ಇಷ್ಟೇ. ನಮ್ಮತ್ತೆ ಕೇಳಿದ್ದು ಹದಿನೈದು ಎಕರೆಯಲ್ಲ. ಕಾಗದದ ಮೇಲೆ ಒಂದು ಗೆರೆ ಆಚೆ ಈಚೆ ಸರಿದಿದ್ದರೆ ಅವರಿಗೆ ಬೇಕಾದದ್ದು ಸಿಗುತ್ತಿತ್ತು. ಸಂಪನ್ನು ಸ್ಕೂಟರಿನ ಚಪ್ಪಡಿಯ ಕೆಳಗೆ ಇಟ್ಟಿದ್ದರೆ ಮುಂದಿನ ನಾಲ್ಕಡಿ ಮಣ್ಣು ಉಳಿಯುತ್ತಿತ್ತು. ಗೋಡೆ ಎದ್ದ ಮೇಲೆ ಆ ಗೆರೆಯನ್ನು ಸರಿಸಲು ಬರುವುದಿಲ್ಲ.

ಹೋದ ವರ್ಷ ಮಗಳು ಅಳಿಯ ಮೈಸೂರಿನ ಹೊರವಲಯದಲ್ಲಿ ನಲವತ್ತು–ಅರವತ್ತರ ಸೈಟು ಕೊಂಡರು. ಪ್ಲಾನು ಬರೆಸುವ ಮುಂಚೆ ನಾನು ಅವರಿಂದ ಒಂದು ಮಾತು ತೆಗೆದುಕೊಂಡೆ. ಒಂದು ವರ್ಷ ಸುಮ್ಮನೆ ಆ ಜಾಗವನ್ನು ನೋಡಿ, ಎಂದೆ. ಮಗಳು ತಿಂಗಳಿಗೊಮ್ಮೆ ಹೋಗಿ ಒಂದು ಕೋಲು ನೆಟ್ಟು ನೆರಳು ನೋಡಿ ಬರೆದಿಟ್ಟಳು. ಆಗಲೇ ನಮಗೆ ತಿಳಿದದ್ದು, ಏಪ್ರಿಲ್ ಕೊನೆಯ ವಾರದಿಂದ ಆಗಸ್ಟ್ ಮಧ್ಯದವರೆಗೆ ನಮ್ಮ ಸೀಮೆಯಲ್ಲಿ ಮಧ್ಯಾಹ್ನದ ಸೂರ್ಯ ನೆತ್ತಿಗಿಂತ ತುಸು ಉತ್ತರಕ್ಕಿರುತ್ತಾನೆ. ಡಿಸೆಂಬರಿನಲ್ಲಿ ದಕ್ಷಿಣಕ್ಕೆ ವಾಲಿ, ಮನೆಯ ಉತ್ತರದ ಪಟ್ಟಿಯನ್ನು ಮನೆಯ ನೆರಳಿಗೇ ಬಿಟ್ಟುಬಿಡುತ್ತಾನೆ. ತುಳಸಿ, ಮಲ್ಲಿಗೆಗೆ ಅಲ್ಲಿ ಜಾಗವಲ್ಲ. ಅಲ್ಲಿ ಬಟ್ಟೆ ಒಗೆಯುವ ಕಲ್ಲು ಬಂದರೆ ಸರಿ. ಮಳೆಗಾಲದಲ್ಲಿ ನೀರು ಯಾವ ಮೂಲೆಗೆ ಹರಿದು ನಿಂತಿತೋ ಅಲ್ಲಿಗೆ ಇಂಗುಗುಂಡಿ ಎಂದು ಗುರುತು ಹಾಕಿದರು.

ಸೈಟಿನ ಪಶ್ಚಿಮದ ಅಂಚಿನಲ್ಲಿ ತಾನಾಗಿ ಹುಟ್ಟಿದ ಒಂದು ಹೊಂಗೆ ಮರವಿದೆ. ಲಾರಿ ತಿರುಗಿಸಲು ಅಡ್ಡ ಎಂದು ಮೇಸ್ತ್ರಿ ಅದನ್ನು ಕಡಿಸುವ ಮಾತೆತ್ತಿದ. ಇಳಿಹೊತ್ತಿನ ಬಿಸಿಲನ್ನು ತಡೆಯುವ ಮರ ಅದೊಂದೇ. ಮಗಳು ಕಾರು ನಿಲ್ಲಿಸುವ ಜಾಗವನ್ನೇ ಪೂರ್ವಕ್ಕೆ ಸರಿಸಿ, ಮರದ ಸುತ್ತ ಕೊಂಬೆ ಚಾಚಿದಷ್ಟು ದೂರ ಗೂಟ ನೆಟ್ಟು ಹಗ್ಗ ಕಟ್ಟಿಸಿದಳು. ಅದರೊಳಗೆ ಜಲ್ಲಿ ಮರಳು ಸುರಿಯಬಾರದು, ಗಾರೆ ಕಲೆಸಬಾರದು. ಪಾಯಕ್ಕೆ ಮುಂಚೆ ಮೇಲಿನ ಮುಕ್ಕಾಲಡಿ ಮಣ್ಣನ್ನು ಬೇರೆಯಾಗಿ ಕೆರೆದು ಒಂದು ಮೂಲೆಯಲ್ಲಿ ಗುಡ್ಡೆ ಹಾಕಿ, ತೆಂಗಿನ ಗರಿ ಮುಚ್ಚಿಸಿದ್ದಾರೆ. ಚಪ್ಪಡಿ ಹಾಸುವ ಮುಂಚೆಯೇ ಅದರ ಕೆಳಗೆ ಗಿಡಗಳಿಗೆ ನೀರು ಹೋಗಲು ಒಂದು ಖಾಲಿ ಪೈಪನ್ನೂ ಹುದುಗಿಸಬೇಕೆಂದು ಬರೆದುಕೊಂಡಿದ್ದಾರೆ. ಆಮೇಲೆ ಗಾರೆ ಒಡೆಯುವ ಕೆಲಸವಿಲ್ಲ.

ಗುದ್ದಲಿ ಪೂಜೆಯ ದಿನ ಮೇಸ್ತ್ರಿ ಆ ಮಣ್ಣಿನ ಗುಡ್ಡೆ ನೋಡಿ, “ಇದೆಲ್ಲಾ ಆಮೇಲೆ ಮಾಡ್ಕೊಬಹುದಿತ್ತು ಸಾರ್” ಎಂದ. ನಮ್ಮನೆಯವರು ಟೇಪು ಹಿಡಿದು ನಿಂತಿದ್ದರು. ಎಪ್ಪತ್ತೈದು ದಾಟಿದ ಮನುಷ್ಯ, ಹೆಚ್ಚು ಮಾತಿನವರಲ್ಲ. “ಆಮೇಲೆ ಅನ್ನಬೇಡಪ್ಪ” ಎಂದವರು ಮುಂದೆ ಏನೂ ಹೇಳದೆ ಟೇಪಿನ ತುದಿಯನ್ನು ಮಗಳ ಕೈಗೆ ಕೊಟ್ಟರು. ಹಾಸನದ ನಮ್ಮ ಮನೆಯ ನೀಲನಕ್ಷೆಯ ಆ ಸಂಜೆ ಅವರಿಗೂ ನೆನಪಿದೆ ಎಂದು ನನಗೆ ತಿಳಿದದ್ದು ಆಗಲೇ.

ಮನೆಯಿನ್ನೂ ಸಜ್ಜಾದ ಮಟ್ಟಕ್ಕೆ ಬಂದಿಲ್ಲ. ಇಂಗುಗುಂಡಿಯ ಬಳಿ ಹಾಕಿದ ಬಾಳೆಕಂದು ಎದೆಯೆತ್ತರ ಬಂದಿದೆ, ಗೋಡೆಗೆ ನೀರುಣಿಸುವವರು ಅದಕ್ಕೂ ಒಂದು ಬಿಂದಿಗೆ ಹಾಕುತ್ತಾರೆ. ಪ್ಲಾನಿನಲ್ಲಿ ಅಡಿಗೆಮನೆಯ ಹಿಂಬಾಗಿಲಿಗೆ ಎರಡು ಮೆಟ್ಟಿಲು, ಅದರ ಪಕ್ಕ ಒಬ್ಬರು ಕೂರುವಷ್ಟು ಕಟ್ಟೆ, ಕಟ್ಟೆಯ ಕೆಳಗೆ ನಾಲ್ಕಡಿ ಬರಿ ಮಣ್ಣು ಎಂದು ನಾನೇ ಪೆನ್ಸಿಲಿನಲ್ಲಿ ಗುರುತು ಹಾಕಿಸಿದ್ದೇನೆ. “ಇಲ್ಲಿ ಏನು ಹಾಕ್ಬೇಕಮ್ಮ?” ಎಂದು ಮಗಳು ಕೇಳಿದಳು. ಕರಿಬೇವು ಹಾಕು ಎಂದೆ. ಅಕ್ಕಿ ತೊಳೆದ ನೀರು ಅದಕ್ಕೆ ಒಳ್ಳೆಯದು.